ಕಾವಿನ ತಿದ್ದುಪಡಿ

ನೌಕರಿಗೆ ಹಾಜರಾದ ಮೂರನೇ ದಿನಕ್ಕ
ಗಂಟಲು ಕಟ್ಟಿತು.
ಹಂಗಾಮಿನ ಮೊದಲ ಗಾಡಿ ಇನ್ನೂ ತೂಕದ ಮ್ಯಾಲಿತ್ತು,
ಮಿಲ್ಲಿಗೆ ಹಚ್ಚಿದ ಕುಂಕುಮ ಉದುರಿರಲಿಲ್ಲ.
"ಹೊಸ ನೀರು" ಅಂದ್ರು ಎಲ್ಲಾರೂ.
ಮುಧೋಳದ ನೀರು ನನಗೇನು ಹೊಸದು,
ಕಲಾದಗಿಯಾಕಿ ನಾನು,
ಇದೇ ಹೊಳಿ ಕುಡದು ಬೆಳದಾಕಿ.
ಆದರೂ ಹೂಂ ಅಂದೆ.
ಹೊಸಬರು ಹೂಂ ಅನ್ನಬೇಕು.

ಆಮ್ಯಾಲ ಹೊಟ್ಟಿ.
ಆಮ್ಯಾಲ ಮತ್ತ ಗಂಟಲು, ಈ ಸರ್ತಿ ಜ್ವರದ ಜೋಡಿ.
ಸಂಕ್ರಮಣ ಬರೂದ್ರಾಗ ನಾಕು ಸಲ.
ದವಾಖಾನಿ ಕಂಪೌಂಡರ್ ಹೆಸರು ಕೇಳೂದ ಬಿಟ್ಟ,
"ಫ್ಯಾಕ್ಟರಿ ಮೇಡಂ ಬಂದ್ರು" ಅಂತಾನ.
ಹಳೇ ಚೀಟಿಯ ಹಿಂದ ಜಾಗಾ ಹುಡುಕಿ
ಇಂಗಳಗಿ ಡಾಕ್ಟರು ಅದೇ ಗುಳಿಗಿ ಬರೀತಾರ.
"ನಿದ್ದಿ ಮಾಡಬೇ ತಂಗಿ" ಅಂತಾರ.
ಯಾವಾಗ, ಅಂತ ನಾ ಕೇಳಲಿಲ್ಲ.
ಈ ವಾರ ನಾಕಕ್ಕ ಹೋಗಿ ಹನ್ನೆರಡಕ್ಕ ಬರೂದು,
ಮುಂದಿನ ವಾರ ಹನ್ನೆರಡಕ್ಕ ಹೋಗಿ ಎಂಟಕ್ಕ,
ಅದರ ಮುಂದಿನದು... ಬಿಡ್ರಿ,
ಕೋಳಿಗೂ ತಿಳಿಯೂದಿಲ್ಲ ನನ್ನ ಬೆಳಗು.

ಅವ್ವ ಫೋನಿನ್ಯಾಗ ದನಿ ಹಿಡೀತಾಳ.
"ಯಾಕ ದಾನಿ, ಮೂಗು ಕಟ್ಟೇತೇನು?"
"ಇಲ್ಲಬೇ, ಮಿಲ್ಲಿನ ಸಪ್ಪಳ."
ತೇರದಾಳ ಸರ್ ಕೇಳತಾರ, "ಆರಾಮ ಅದೀರಿಲ್ಲೋ?"
"ಹೂನ್ರಿ ಸರ್, ಧೂಳು."
ಪಾಪ, ಆ ಕಬ್ಬಿನ ಸಿಪ್ಪಿ ಧೂಳಿನ ಮ್ಯಾಲ
ಎಷ್ಟು ಸುಳ್ಳು ಹೊರಿಸೇನೋ.
ಆರು ತಿಂಗಳಿಗೆ ಖಾಯಂ ಮಾಡೂ ಮಾತೈತಿ.

ಲ್ಯಾಬಿನ ಕಿಟಕಿ ಕಟ್ಟಿ ಮ್ಯಾಲ ಒಂದು ದಪ್ಪ ಪುಸ್ತಕ:
ಮಿಲ್ ಎಷ್ಟೊತ್ತಿಗೆ ನಿಂತಿತು, ಎಷ್ಟೊತ್ತಿಗೆ ಚಾಲು ಆತು,
ಯಾಕ.
ಬೇರಿಂಗ್ ಕಾದಿತ್ತು, ನಲವತ್ತು ನಿಮಿಷ.
ಬೆಲ್ಟ್ ಜಾರಿತ್ತು, ಒಂದೂ ಕಾಲು ತಾಸು.
ಯಾರೂ ಬೇರಿಂಗಿಗೆ ಬೈಲಿಲ್ಲ.
ಎಣ್ಣಿ ಬಿಟ್ಟರು, ನೀರು ಗೊಜ್ಜಿದರು,
ತಣ್ಣಗಾಗೂ ತನಕ ಕುಂತು ಎಲಿ ಅಡಿಕಿ ಹಾಕ್ಕೊಂಡ್ರು.
ನನ್ನ ನೋಟಬುಕ್ಕಿನ ಕಟ್ಟಕಡೀ ಪುಟದಾಗ
ಹಂಗ ಗೆರಿ ಹೊಡದೆ ನಾನೂ.
ಡಿಸೆಂಬರ್ ಒಂಬತ್ತು. ಬಚ್ಚಲದಾಗ ಕುಂತದ್ದು, ಇಪ್ಪತ್ತು ನಿಮಿಷ.
ಕಾರಣದ ಕಾಲಮ್ಮು ಖಾಲಿ.

ಎಳ್ಳ ಅಮಾಸಿ ಮುಂದಿನ ಥಂಡಿ.
ಸ್ವೆಟರಿನ ಮ್ಯಾಲ ಅವ್ವನ ಚಾದರ, ಆದರೂ
ಹಲ್ಲಿಗೆ ಹಲ್ಲು ಬಡೀತಿದ್ದುವು.
ರಾತ್ರಿ ಮೂರರ ಸ್ಯಾಂಪಲ್ಲು.
ಹದಿನೆಂಟು ಪಾಯಿಂಟ್ ಎರಡನ್ನ
ಹನ್ನೆರಡು ಪಾಯಿಂಟ್ ಎಂಟು ಅಂತ ಬರದಿದ್ದೆ.
ಸರ್ ಬೈಯಲಿಲ್ಲ. ಅದ ಹೆಚ್ಚು ಸುಟ್ಟಿತು.
"ಅಳಸಬ್ಯಾಡ. ಒಂದ ಗೆರಿ ಎಳಿ,
ಬಾಜೂಕ ಬರಿ, ಸಹಿ ಮಾಡು."
ಮತ್ತ ಗೋಡಿ ಮ್ಯಾಲಿನ ತಖ್ತೆ ತೋರಿಸಿದ್ರು,
ದಿನಾ ನೋಡೂ ಅದೇ ಹಳದಿ ತಖ್ತೆ:
"ಇದನ್ನೂ ಮರತಿ. ಬಿಸಿ ರಸ
ಇದ್ದದ್ದಕ್ಕಿಂತ ಕಡಿಮಿ ತೋರಸ್ತೈತಿ.
ಕಾವು ನೋಡಿ ಅದರಷ್ಟು ಕೂಡಸಬೇಕು."

ಕೂಡಿಸಿದೆ.
ಗಾಜಿನ ಕೊಳವಿಯೊಳಗ ಬ್ರಿಕ್ಸ್ ಕಡ್ಡಿ
ಮುಳುಗಿ, ಎದ್ದು, ನಡುಗಿಕೋತ ನಿಂತಿತ್ತು.
ನನ್ನ ಲೆಕ್ಕ, ನನ್ನ ನೆನಪು,
ಪ್ರಾಕ್ಟಿಕಲ್ಲಿನ್ಯಾಗ ಕಾಲೇಜಿಗೇ ಮೊದಲು ಬಂದ ಈ ಕೈ,
ಎಲ್ಲಾ ಇದ್ದದ್ದಕ್ಕಿಂತ ಕಡಿಮಿ ಕಾಣೂ ಈ ಹೊತ್ತಿನ್ಯಾಗ
ನನಗ ಕೂಡಸೂ ತಖ್ತೆ ಯಾವ ಗೋಡಿ ಮ್ಯಾಲೈತ್ರಿ ಸರ್?
ಕೇಳಬೇಕಂದೆ. ಕೆಮ್ಮು ಬಂತು.

ಅಷ್ಟರಾಗ ಹೊರಗ ಎಲ್ಲಾ ಒಮ್ಮಿಗೇ ಗಪ್ಪಾತು.
ಸರಪಳಿ ಹರದಿತ್ತು.
ಗೇಟಿನ ಆಚೆ ಸಾಲಿನ್ಯಾಗ ನಿಂತ ಟ್ರ್ಯಾಕ್ಟರಿನ ಹಾಡು
ಅಷ್ಟ ಒದರತಿತ್ತು, ಯಾರಿಗೋ ಬ್ಯಾಡಾದ ಮದವಿ ಹಂಗ.
ಪ್ಯಾನ್ ನೋಡೂ ಮೀರಾಸಾಬ ಒಳಗ ಬಂದ,
ಓಂಕಾಳು ಹಾಕಿ ಕುದಿಸಿದ ನೀರಿನ ಲೋಟಾ ಇಟ್ಟ.
"ಎರಡು ತಾಸರ ಬೇಕು" ಅಂದ.
ಸರಪಳಿಗೆ ಅಂದನೋ, ನನಗ ಅಂದನೋ.
ಮೇಜಿನ ಮ್ಯಾಲ ತಲಿ ಇಟ್ಟೆ.

ಎದ್ದಾಗ ಪುಸ್ತಕದಾಗ ಸರ್ ಅಕ್ಷರ:
ನಿಂತದ್ದು ಮೂರೂ ನಲವತ್ತು.
ಚಾಲು ಐದೂ ಮೂವತ್ತೈದು.
ಕಾರಣ, ಸರಪಳಿ.
ನನ್ನ ಬೆನ್ನ ಮ್ಯಾಲಿನ ಚಾದರ ಯಾರೋ ಸರಿ ಮಾಡಿದ್ರು.

ಆರರ ರಸ ಬಂತು,
ನೊರಿ ನೊರಿ, ಮಣ್ಣಿನ ಬಣ್ಣದ್ದು.
ಮೊದಲ ಕಾವು ನೋಡಿದೆ.